ಕೈಯಿಂದ ಕೈಗೆ

ವಿಭೂತಿ ಬಳಿಯುತ್ತಿದ್ದ ಅಯ್ಯನವರ ಕೈ ಶಿವಮಲ್ಲಪ್ಪನವರ ಕೊರಳ ಹತ್ತಿರ ಬಂದು ನಿಂತಿತು. ಜುಬ್ಬದೊಳಗೆ ಬೆರಳು ಹಾಕಿ ತಡಕಿದರು. ಶಿವದಾರವೂ ಇಲ್ಲ, ಲಿಂಗವಿರುವ ಬೆಳ್ಳಿ ಕರಡಿಗೆಯೂ ಇಲ್ಲ.

“ಲಿಂಗ ಎಲ್ಲಮ್ಮ?” ಎಂದರು.

ನಡುಮನೆಯ ಗೋಡೆಗೆ ಆನಿಸಿ ಕೂರಿಸಿದ್ದ ಗಂಡನ ದೇಹದ ಪಕ್ಕದಲ್ಲಿ ಮಂಜುಳಮ್ಮ ತಲೆ ಎತ್ತಿದರು. “ಮೈಮೇಲೇ ಇರತ್ತೆ, ಸರಿಯಾಗಿ ನೋಡಿ ಅಯ್ಯನೋರೆ. ಸ್ನಾನ ಮಾಡೋವಾಗ್ಲೂ ತೆಗೀತಿರ್ಲಿಲ್ಲ ಅವರು.”

“ಇಲ್ಲ ಕಣಮ್ಮ.”

ಸ್ನಾನ ಮಾಡಿಸಿದ್ದ ಅಳಿಯ ಗುರುಕಿರಣ್ ತೊದಲಿದ. “ನೀವು ತೆಗೆದಿಟ್ಟಿದೀರ ಅಂದ್ಕೊಂಡೆ ಅತ್ತೆ.”

ಆಸ್ಪತ್ರೆಯಿಂದ ಬಂದ ಚೀಲವನ್ನು ಮಗಳು ಶಿಲ್ಪಶ್ರೀ ನೆಲಕ್ಕೆ ಸುರಿದಳು. ಕನ್ನಡಕ, ಗಡಿಯಾರ, ಎಡಗೈಯ ಒಂದೇ ಒಂದು ಬಿಳಿ ಗ್ಲೋವು. ಆಸ್ಪತ್ರೆಗೆ ಫೋನು ಮಾಡಿದರೆ, ಬಂದಾಗಲೇ ಕೊರಳಲ್ಲಿ ಏನೂ ಇರಲಿಲ್ಲ ಎಂದರು. ನಿನ್ನೆ ಬೆಳಗ್ಗೆ ಗಾಲ್ಫ್ ಮೈದಾನದಲ್ಲಿ ಕುಸಿದವರನ್ನು ಗೆಳೆಯರು ಕಾರಿನಲ್ಲಿ ಹಾಕಿಕೊಂಡು ಹೋಗಿದ್ದರು. ಸಂಜೆಗೆ ಎಲ್ಲ ಮುಗಿದಿತ್ತು.

“ಮಠದಿಂದ ಇನ್ನೊಂದು ತರಿಸಿದ್ರಾಯ್ತು ಬಿಡಕ್ಕ. ಹೇಗೂ ಮಣ್ಣಿಗೆ ತಾನೆ?” ಎಂದ ಮಂಜುಳಮ್ಮನ ತಮ್ಮ ಪುಟ್ಟಸ್ವಾಮಿ.

“ಎಂಟನೇ ವಯಸ್ಸಲ್ಲಿ ಗುರುಗಳು ಕಟ್ಟಿದ ಲಿಂಗ ಅದು. ಅರವತ್ತು ವರ್ಷ ಪೂಜೆ ಮಾಡಿದಾರೆ. ಉರಿದುಹೋದ ಬಲ್ಬಾ ಅದು, ಬೇರೆ ಹಾಕೋಕ್ಕೆ?” ಎಂದರು ಮಂಜುಳಮ್ಮ.

ಪುಟ್ಟಸ್ವಾಮಿಯ ಲಿಂಗ ವರ್ಷಗಟ್ಟಲೆ ದೇವರ ಗೂಡಿನಲ್ಲೇ ಕೂತಿರುತ್ತಿತ್ತು. “ನಮ್ಮೆಜಮಾನ್ರನ್ನ ನೋಡಿ ಕಲಿ, ಗಾಲ್ಫ್ ಆಡೋವಾಗ್ಲೂ ಬಿಟ್ಟಿರಲ್ಲ” ಎಂದು ಅಕ್ಕ ಪ್ರತಿ ಹಬ್ಬಕ್ಕೂ ಚುಚ್ಚುತ್ತಿದ್ದರು. ಈಗ ಅವನು ಭಾವನ ಬರಿಗೊರಳನ್ನೇ ನೋಡುತ್ತ ನಿಂತ. ಆ ನೋಟ ಮಂಜುಳಮ್ಮನಿಗೆ ಸಾವಿಗಿಂತ ಹೆಚ್ಚು ಚುಚ್ಚಿತು. ಮಧ್ಯಾಹ್ನ ಮೂರಕ್ಕೆ ಸಮಾಧಿ. ಅಷ್ಟರಲ್ಲಿ ಆ ಲಿಂಗವೇ ಸಿಗಬೇಕು, ಅವರ ಎಡಗೈಯಲ್ಲಿ ಅದೇ ಇರಬೇಕು.

*

ಶಿವಮಲ್ಲಪ್ಪನವರು ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿದ್ದವರು. ಭದ್ರಕೊಠಡಿಯ ಬೀಗದ ಕೈಯನ್ನು ಮೇಜಿನ ಮೇಲೆ ಇಡಬಾರದು, ಡ್ರಾಯರಿನಲ್ಲಿ ಬಿಡಬಾರದು. ಕೈಯಿಂದ ಕೈಗೇ ಕೊಡಬೇಕು, ತೆಗೆದುಕೊಂಡವನು “ಬಂತು” ಅನ್ನಬೇಕು, ಅಲ್ಲಿಯವರೆಗೆ ಕೊಟ್ಟವನು ಕೈ ಬಿಡಬಾರದು. ಇದು ಅವರೇ ಮಾಡಿಕೊಂಡ ಕಟ್ಟಳೆ. ಕೆಲಸ ಬಿಟ್ಟರೂ ಕಟ್ಟಳೆ ಬಿಡಲಿಲ್ಲ. ಒಂಟಿಕೊಪ್ಪಲಿನ ಆ ಮನೆಯಲ್ಲಿ ಕಾಫಿ ಲೋಟವೂ “ಬಂತು” ಎನ್ನದೆ ಕೈ ಬದಲಾಯಿಸುತ್ತಿರಲಿಲ್ಲ. ಶಿಲ್ಪಶ್ರೀಯ ಮದುವೆಯಲ್ಲಿ ಮಗಳ ಕೈಯನ್ನು ಅಳಿಯನ ಕೈಗಿಟ್ಟು ಹಾಗೇ ಹಿಡಿದುಕೊಂಡು ನಿಂತುಬಿಟ್ಟಿದ್ದರು. ಗುರುಕಿರಣನಿಗೆ ಏನೂ ತಿಳಿಯಲಿಲ್ಲ. ಶಿಲ್ಪಶ್ರೀಯೇ ಬಾಸಿಂಗದ ಮರೆಯಿಂದ “ಬಂತು ಅನ್ರೀ, ಇಲ್ದಿದ್ರೆ ಬಿಡಲ್ಲ” ಎಂದು ಪಿಸುಗುಟ್ಟಿದ್ದಳು. ಛತ್ರವೆಲ್ಲ ನಕ್ಕಿತ್ತು. ಶಿವಮಲ್ಲಪ್ಪನವರ ಕಣ್ಣು ಮಾತ್ರ ತುಂಬಿತ್ತು.

ತೊಂಬತ್ನಾಲ್ಕರಲ್ಲಿ ನಿವೃತ್ತರಾದ ಮೇಲೆ ಅವರಿಗೆ ಇದ್ದದ್ದು ಎರಡೇ: ಮನೆ ಮತ್ತು ಗಾಲ್ಫು. ಬೆಳಗ್ಗೆ ಲಿಂಗಪೂಜೆ ಮುಗಿಸಿ ಸ್ಕೂಟರು ಹತ್ತಿ ಬೆಟ್ಟದ ದಿಕ್ಕಿಗೆ ಹೊರಟರೆ ಹತ್ತು ಗಂಟೆಗೆ ಮನೆ. ಬಿಸಿಲಿಗೆ ಮೈಯೆಲ್ಲ ಕಪ್ಪಾಯಿತು, ಗ್ಲೋವು ಹಾಕುತ್ತಿದ್ದ ಎಡಗೈ ಮಾತ್ರ ಬೆಳ್ಳಗೆ ಉಳಿಯಿತು. “ಲಿಂಗ ಹಿಡಿಯೋ ಕೈ ಕಣ್ರೀ, ಹೇಗೆ ಬೆಳಗ್ತಿದೆ ನೋಡಿ” ಎಂದು ಮಂಜುಳಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದರು. ಶಿವಮಲ್ಲಪ್ಪನವರು ಗ್ಲೋವಿನ ಮಾತೆತ್ತದೆ ನಕ್ಕು ಸುಮ್ಮನಿರುತ್ತಿದ್ದರು.

*

“ಅಮ್ಮ, ಗೇಟಿನ ಹತ್ರ ಬೆಳಗ್ಗೆಯಿಂದ ಒಬ್ರು ನಿಂತಿದಾರೆ” ಎಂದಳು ಶಿಲ್ಪಶ್ರೀ. “ಅಪ್ಪನ ಗಾಲ್ಫ್ ಚೀಲ ಹೊರ್ತಿದ್ದ ಸಣ್ಣಯ್ಯ ಅಂತೆ. ನಿನ್ನನ್ನೇ ನೋಡ್ಬೇಕಂತೆ.”

“ಹದಿನೈದು ದಿನ ಬಿಟ್ಟು ಬರೋಕ್ಕೇಳು” ಎಂದ ಪುಟ್ಟಸ್ವಾಮಿ. ಅಷ್ಟರಲ್ಲಿ ಮಂಜುಳಮ್ಮ ಎದ್ದಿದ್ದರು.

ಸಣ್ಣಯ್ಯನಿಗೆ ಐವತ್ತೈದು ದಾಟಿರಬೇಕು. ಮಾರ್ಚಿನ ಆ ಬಿಸಿಲಿನಲ್ಲೂ ಅಂಗಿಯ ಗುಂಡಿಯನ್ನು ಗಂಟಲವರೆಗೆ ಹಾಕಿಕೊಂಡಿದ್ದ. ಅವರನ್ನು ಕಂಡವನೇ ಕೈ ಮುಗಿದು, ಮೇಲಿನ ಎರಡು ಗುಂಡಿ ಬಿಚ್ಚಿದ. ಅವನ ಎದೆಯ ಮೇಲೆ ಬೆಳ್ಳಿ ಕರಡಿಗೆ ಇತ್ತು.

“ಕದ್ದು ಕೊರಳಿಗೆ ಬೇರೆ ಹಾಕ್ಕೊಂಡಿದೀಯೇನೋ?” ಪುಟ್ಟಸ್ವಾಮಿ ಮುಂದೆ ನುಗ್ಗಿದ.

“ಕದ್ದಿದ್ರೆ ತಂದ್ಕೊಡ್ತಿದ್ನಾ ಬುದ್ದಿ? ಸಾಯೇಬ್ರೇ ಕೊಡೋರು. ಆಟ ಸುರುವಾಗೋ ಮುಂಚೆ ನನ್ ಕೊರಳಿಗೆ ಹಾಕೋರು, ಮುಗುದ್ ಮೇಲೆ ಈಸ್ಕೊಳ್ಳೋರು. ಒಂಬತ್ತು ವರ್ಸ. ನಿನ್ನೆ ಈಸ್ಕೊಳ್ಳಕ್ಕೆ ಆಗ್ನಿಲ್ಲ. ಆಸ್ಪತ್ರೆಗೆ ಸೈಕಲ್ ತುಳ್ಕಂಡ್ ಓದೆ ಅಮ್ಮಾವ್ರೆ. ಒಳಿಕ್ಕೆ ಬುಡ್ನಿಲ್ಲ.”

“ಯಾವ ಕಡೆಯವನು ನೀನು?” ಎಂದರು ಅಯ್ಯನವರು ಬಾಗಿಲಿನಿಂದ.

“ಅಶೋಕಪುರಂ ಬುದ್ದಿ.”

ದಲಿತರ ಆ ಬಡಾವಣೆಯ ಹೆಸರು ಕೇಳಿದ ಮೇಲೆ ಯಾರೂ ಜಾತಿ ಕೇಳಬೇಕಾಗಲಿಲ್ಲ. ಜಗಲಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಂಜುಳಮ್ಮನಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಒಳಗೆ ಕೂತಿರುವ ಗಂಡನನ್ನು ಅಲುಗಾಡಿಸಿ, ಒಂಬತ್ತು ವರ್ಷ ನನ್ನನ್ನು ಯಾಕೆ ಹೀಗೆ ಮೆರೆಯಲು ಬಿಟ್ಟಿರಿ ಎಂದು ಕೇಳಬೇಕೆನಿಸಿತು.

*

ತೊಂಬತ್ತಾರರ ಒಂದು ಬೆಳಗ್ಗೆ ದೊಡ್ಡ ಹೊಡೆತ ಹೊಡೆಯಲು ಶಿವಮಲ್ಲಪ್ಪನವರು ಸೊಂಟ ತಿರುಗಿಸಿದಾಗ ಕರಡಿಗೆ ಅಂಗಿಯಿಂದ ಹೊರಗೆ ಹಾರಿ ಗದ್ದಕ್ಕೆ ಬಡಿಯಿತು. ದಾರ ಹರಿಯಿತು. ಹುಲ್ಲಿಗೆ ಬೀಳುವ ಮುಂಚೆ ಸಣ್ಣಯ್ಯ ಎರಡೂ ಕೈಯಲ್ಲಿ ಹಿಡಿದಿದ್ದ. ಹಿಡಿದ ಮೇಲೆ ಹೆದರಿದ್ದ. “ಮುಟ್ಬುಟ್ಟೆ ಸಾಯೇಬ್ರೆ.”

ಶಿವಮಲ್ಲಪ್ಪನವರು ಹರಿದ ದಾರಕ್ಕೆ ಗಂಟು ಹಾಕಿದರು. ಆಮೇಲೆ ಹೇಳಿದ್ದರು: “ಚೀಲದಲ್ಲಿಟ್ರೆ ಅದು ಸಾಮಾನಾಗ್ಬಿಡತ್ತೆ ಸಣ್ಣಯ್ಯ. ಲಿಂಗ ಮೈಮೇಲಿರ್ಬೇಕು. ನನ್ನ ಮೈಮೇಲಾಗದಿದ್ರೆ ನಿನ್ನ ಮೈಮೇಲಿರಲಿ. ಕೆಳಗಿಡಬೇಡ, ಎಲ್ಲೂ ತೂಗುಹಾಕಬೇಡ. ಕೈಯಿಂದ ಕೈಗೇ ಕೊಡು.”

ಹೆಂಡತಿಗೆ ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ಒಂಬತ್ತು ವರ್ಷ ಕಳೆದಿತ್ತು. ಊರಿಗೆಲ್ಲ ಅಷ್ಟು ಹೆಮ್ಮೆಯಿಂದ ಹೇಳಿಕೊಂಡವಳ ಮುಂದೆ ಬಾಯಿ ಬರುತ್ತಿರಲಿಲ್ಲ.

*

ಪುಟ್ಟಸ್ವಾಮಿ ಒಳಗಿನಿಂದ ಸ್ಟೀಲಿನ ತಟ್ಟೆ ತಂದು ಗೇಟಿನ ಕಲ್ಲಿನ ಮೇಲಿಟ್ಟ. “ಇದರಲ್ಲಿ ಹಾಕು. ಅಯ್ಯನೋರು ಶುದ್ಧಿ ಮಾಡ್ಕೋತಾರೆ.”

ಸಣ್ಣಯ್ಯ ಕರಡಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತ. “ತಟ್ಟೆಲಿ ಎಂಗಿಡ್ಲಿ ಬುದ್ದಿ? ಕೈಯಿಂದ ಕೈಗೇ ಅಂದಿದ್ರು.”

“ಮತ್ತೆ ಯಾರ ಕೈಗೆ ಕೊಡ್ತೀಯಪ್ಪ? ನಮ್ಮಕ್ಕನ ಕೈಗಾ?”

“ಸಾಯೇಬ್ರ ಕೈಯಿಂದ ಈಸ್ಕಂಡಿದ್ದು” ಎಂದ ಸಣ್ಣಯ್ಯ ನೆಲ ನೋಡುತ್ತ. ಸಾಹೇಬರ ಕೈಗೇ ಕೊಡಬೇಕೆನ್ನುತ್ತಾನೆ ಎಂದು ಎಲ್ಲರಿಗೂ ಅರ್ಥವಾಯಿತು.

ಮಂಜುಳಮ್ಮ ಅಯ್ಯನವರ ಕಡೆ ತಿರುಗಿದರು. ಅವರು “ನಿಮ್ಮಿಷ್ಟ ಕಣಮ್ಮ, ನಾನೇನು ಹೇಳ್ಲಿ” ಎಂದು ವಿಭೂತಿಯ ಗಟ್ಟಿ ಹುಡುಕತೊಡಗಿದರು.

“ವಾಪಸ್ ತಗೊಂಡಾಗ ಅವರು ಏನಾದ್ರೂ ಅಂತಿದ್ರಾ?” ಮಂಜುಳಮ್ಮ ಕೇಳಿದರು.

“ಬಂತು ಅನ್ನೋರು ಅಮ್ಮಾವ್ರೆ. ಅಂಗನ್ನೋವರ್ಗೂ ನಾನು ಕೈ ಬುಡ್ತಿರ್ನಿಲ್ಲ.”

ಆ ಮಾತು ತಮ್ಮ ಮನೆಯದು ಮಾತ್ರ ಎಂದು ಮಂಜುಳಮ್ಮ ನಂಬಿದ್ದರು. ಬ್ಯಾಂಕು ಮುಗಿದ ಮೇಲೆ ಅದು ತನಗೂ ಮಗಳಿಗೂ ಸೇರಿದ್ದು ಎಂದುಕೊಂಡಿದ್ದರು. ಸಣ್ಣಯ್ಯನ ಮೇಲೆ ಹೊಟ್ಟೆಕಿಚ್ಚಾಯಿತು, ಅದಕ್ಕೆ ನಾಚಿಕೆಯೂ ಆಯಿತು.

“ತಟ್ಟೆ ಒಳಗಿಡು ಪುಟ್ಟ” ಎಂದರು. “ಸಣ್ಣಯ್ಯ, ನೀನೂ ನಡಿ.”

ಮಂಜುಳಮ್ಮನ ಚಿಕ್ಕಪ್ಪನ ಮಕ್ಕಳಿಬ್ಬರು ಚಪ್ಪಲಿ ಮೆಟ್ಟಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟೇಬಿಟ್ಟರು.

*

ರುದ್ರಭೂಮಿಯಲ್ಲಿ ಹೂವಿನ ವಿಮಾನದಿಂದ ಇಳಿಸಿ, ಗುಂಡಿಯೊಳಗಿನ ಗೂಡಿನಲ್ಲಿ ಶಿವಮಲ್ಲಪ್ಪನವರನ್ನು ಕೂರಿಸಿದರು. ಕೂರಿಸಿದವರು ಮೇಲೆ ಬಂದರು. ಸಣ್ಣಯ್ಯ ಚಪ್ಪಲಿ ಬಿಟ್ಟು ಒಬ್ಬನೇ ಇಳಿದ.

ಕೊರಳಿನ ದಾರ ತೆಗೆದ. ಕರಡಿಗೆಯನ್ನು ಹಿಂದೆ ಮುಂದೆ ಮಾಡಿದ. “ಇದುನ್ನ ತೆಗಿಯೋದ್ ಎಂಗೆ ಅಂತ ನಂಗೊತ್ತಿಲ್ಲ ಬುದ್ದಿ” ಎಂದ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವನು ಅದನ್ನು ತೆರೆದು ನೋಡಿರಲಿಲ್ಲ.

“ಬಲಕ್ಕೆ ತಿರುಗಿಸು” ಎಂದರು ಅಯ್ಯನವರು, ದನಿ ತಗ್ಗಿಸಿ.

ಕಪ್ಪು ಲಿಂಗ ಹೊರಗೆ ಬಂತು. ಸಣ್ಣಯ್ಯ ಸಾಹೇಬರ ಎಡಗೈ ಬಿಡಿಸಿ ಅಂಗೈಯಲ್ಲಿಟ್ಟ. ಗ್ಲೋವಿನೊಳಗೆ ಬೆಳ್ಳಗೆ ಉಳಿದಿದ್ದ ಕೈ ಅದು. ಬೆರಳುಗಳು ಸೆಟೆದಿದ್ದವು, ಹಿಡಿಯಲಿಲ್ಲ. ಅವನು ತನ್ನ ಕೈಯನ್ನು ಕೆಳಗೆ ಕೊಟ್ಟು ಹಿಡಿದುಕೊಂಡ. ಅಯ್ಯನವರ ಮಂತ್ರ ಮುಗಿಯಿತು. ಬಿಲ್ವಪತ್ರೆ ಬಿತ್ತು.

“ಸಾಕು, ಕೈ ತೆಗಿಯಪ್ಪ” ಎಂದರು ಅಯ್ಯನವರು.

ಸಣ್ಣಯ್ಯ ತೆಗೆಯಲಿಲ್ಲ. ಆ ಮುಖವನ್ನೇ ನೋಡುತ್ತ ಕೂತಿದ್ದ.

“ತೆಗಿಯಯ್ಯ, ಹೊತ್ತಾಗ್ತಿದೆ!” ಪುಟ್ಟಸ್ವಾಮಿ ರೇಗಿದ.

ಮಂಜುಳಮ್ಮ ಗುಂಡಿಯ ಅಂಚಿಗೆ ಬಂದು ಮಂಡಿಯೂರಿದರು. ಶಿಲ್ಪಶ್ರೀ ಅವರ ಸೆರಗು ಹಿಡಿದುಕೊಂಡಳು.

“ಬಂತು ಕಣಪ್ಪ ಸಣ್ಣಯ್ಯ” ಎಂದರು. ಇನ್ನೊಮ್ಮೆ ಹೇಳಿದರು. “ಬಂತು.”

ಸಣ್ಣಯ್ಯ ಒಂದೊಂದೇ ಬೆರಳು ಸಡಿಲಿಸಿ ಕೈ ಬಿಟ್ಟ. ಲಿಂಗ ಅಲ್ಲೇ ನಿಂತಿತು. ಮಗಳು ತಾಯಿಯನ್ನು ತಬ್ಬಿ ಎಬ್ಬಿಸಿ ಹಿಂದಕ್ಕೆ ಕರೆದುಕೊಂಡು ಹೋದಳು.

ಗುಂಡಿ ಆಳವಿತ್ತು. ಹತ್ತಲು ಸಣ್ಣಯ್ಯ ಮೇಲಕ್ಕೆ ಕೈ ಚಾಚಿದ. ಸುತ್ತ ನಿಂತವರ ಕೈಗಳಲ್ಲೆಲ್ಲ ಆಗಲೇ ಹಿಡಿ ಹಿಡಿ ಮಣ್ಣಿತ್ತು.