ಹೆಡ್ಮಾಸ್ಟರ್ ಹಲ್ಲು ತೋರಿಸಿದ ಬೆಳಗ್ಗೆ

ಬೆಳಗ್ಗೆ ಏಳೂಕಾಲಿಗೆ ಐದು ವಾರದ ಹೆಣ್ಣು ಮರಿಯೊಂದನ್ನು ಮೂರು ದೊಡ್ಡ ಕುದುರೆಗಳ ಜೊತೆ ಬಯಲಿಗೆ ಬಿಡಲಾಯಿತು. ಬೇಲಿಯ ಹೊರಗೆ ಮೂವರು ನಿಂತಿದ್ದರು. ಮೂವರೂ ಕಣ್ಣಿಟ್ಟಿದ್ದು ಒಂದೇ ಕುದುರೆಯ ಮೇಲೆ. ಕಣ್ಣಿಡಬೇಕಾಗಿದ್ದ ಕುದುರೆ ಬೇರೆ ಎಂದು ಆಮೇಲೆ ಗೊತ್ತಾಯಿತು.

ಅದು ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಶಾಲೆ. ನಡೆಸುವವರು ಒಂದೇ ಮನೆಯವರು. ಅತ್ತಿಗೆ ಯಜಮಾನಿ, ತರಗತಿಯ ಸಮಯ, ಮೇವಿನ ಖರೀದಿ, ಪೋಷಕರ ಜೊತೆಗಿನ ಮಾತುಕತೆ ಎಲ್ಲವೂ ಅವಳದು. ನಾದಿನಿಯದು ಲಾಯ. ಐವತ್ತು ದಾಟಿದ ಅವಳು ಲಾಯಕ್ಕೆ ಅಂಟಿಕೊಂಡ ಕೋಣೆಯಲ್ಲೇ ಮಲಗುತ್ತಾಳೆ. ಹಾಸಿಗೆಯಿಂದ ಏಳದೆ ಕುದುರೆಗಳನ್ನು ಬೈಯಲು ಅನುಕೂಲವಾಗಲಿ ಎಂದು ನಡುಗೋಡೆಗೆ ಒಂದು ಕಿಟಕಿ ಇಡಿಸಿಕೊಂಡಿದ್ದಾಳೆ. ಅಣ್ಣ, ಅಂದರೆ ಮೊದಲಿನವಳ ಗಂಡ, ಎರಡನೆಯವಳ ಒಡಹುಟ್ಟಿದವನು, ಪಾಠ ಹೇಳುತ್ತಾನೆ. ಇಬ್ಬರ ನಡುವೆ ಮಾತು ಬೆಳೆದಾಗ ಎದ್ದು ಹೋಗಿ ಜೀನುಗಳಿಗೆ ಎಣ್ಣೆ ಹಚ್ಚುತ್ತಾನೆ. ಆ ಲಾಯದ ಜೀನುಗಳು ಬೆಣ್ಣೆಯಷ್ಟು ಮೆತ್ತಗಿವೆ.

ಮರಿಯ ತಾಯಿಯ ಹೆಸರು ಕೆಂಪಿ. ಉಳಿದೆರಡೂ ಬೀಜ ಒಡೆಸಿದ ಗಂಡು ಕುದುರೆಗಳು. ಒಂದು ಸಾಧು. ಮಕ್ಕಳು ಕಿವಿ ಎಳೆದರೂ, ಬಾಲ ಹೆಣೆದರೂ, ಹೊಟ್ಟೆಯ ಕೆಳಗೆ ಅಡಗಿ ಕೂತರೂ ಮಿಸುಕದ ಪ್ರಾಣಿ. ಅದು ಓಡಿದ್ದನ್ನು ಯಾರೂ ನೋಡಿರಲಿಲ್ಲ. ಇನ್ನೊಂದು ಹೆಡ್ಮಾಸ್ಟರ್. ವಯಸ್ಸಾಗಿತ್ತು, ಕೋಪ ಮಾಗಿರಲಿಲ್ಲ. ವಿಮೆ ಏಜೆಂಟನ ತೋಳು, ಒಬ್ಬ ಹುಡುಗನ ತಾಯಿಯ ಕೈಚೀಲ, ಅತ್ತಿಗೆಯ ಜಡೆಯ ತುದಿ, ಎಲ್ಲವೂ ಅದರ ಬಾಯಿಗೆ ಹೋಗಿ ಬಂದಿದ್ದವು. ಅದು ಕಚ್ಚದೇ ಬಿಟ್ಟಿದ್ದು ನಾದಿನಿಯನ್ನು ಮಾತ್ರ. ಅವಳು ಮೊದಲ ಬಾರಿಗೆ ತಾನೇ ಜೀನು ಹಾಕಿ ಪಳಗಿಸಿದ ಕುದುರೆ ಅದು. ಪಳಗಿದ್ದೂ ಅವಳೊಬ್ಬಳಿಗೇ.

ತಾಯಿ ಮರಿ ಇದ್ದ ಚಿಕ್ಕ ಆವರಣದಲ್ಲಿ ಹುಲ್ಲು ಮುಗಿದಿತ್ತು. ದೊಡ್ಡ ಬಯಲಿಗೆ ಬಿಡಲೇಬೇಕಾಗಿತ್ತು. ಅತ್ತಿಗೆ ಹಿಂದಿನ ದಿನವೇ ಮಾತು ಮುಗಿಸಿದ್ದಳು.

"ನೋಡಮ್ಮ, ಮರಿ ಕಡೆ ಹೆಡ್ಮಾಸ್ಟರ್ ಒಂದು ಸಲ ಹಲ್ಲು ತೋರಿಸಿದ್ರೆ ಮುಗೀತು. ಮರದ ಮಿಲ್ಲಿನ ಯಜಮಾನ್ರು ಗೇಟಿನ ಹತ್ತಿರ ನಿಲ್ಲಿಸೋಕೆ ಒಂದು ಕುದುರೆ ಕೇಳ್ತಿದಾರೆ. ನೋಡೋಕೆ ಗತ್ತಾಗಿದ್ರೆ ಸಾಕಂತೆ, ಗುಣ ಬೇಡವಂತೆ."

"ಅವನು ಅದನ್ನ ಮೊಮ್ಮಗಳ ಥರ ನೋಡ್ಕೋತಾನೆ, ಅತ್ತಿಗೆ."

"ಮೊಮ್ಮಕ್ಕಳನ್ನ ಕಚ್ಚೋ ತಾತಂದಿರನ್ನೂ ನೋಡಿದೀನಿ."

ಅಣ್ಣ ಎಣ್ಣೆ ಡಬ್ಬಿ ಹುಡುಕಿಕೊಂಡು ಹೋದ.

ಪಶುವೈದ್ಯರು ಫೋನಿನಲ್ಲಿ ಹೇಳಿದ್ದು ಇಷ್ಟು: ಮೊದಲು ಕೆಲವು ದಿನ ಬೇಲಿಯ ಆಚೀಚೆಯಿಂದ ಮೂಸಿಕೊಳ್ಳಲಿ, ಆಮೇಲೆ ದೊಡ್ಡವುಗಳನ್ನು ಒಂದೊಂದಾಗಿ ಬಿಡಿ. ಬೇಲಿಯ ಭಾಗವನ್ನು ಪಾಲಿಸಿದರು. ಒಂದೊಂದಾಗಿ ಬಿಡುವ ಭಾಗವನ್ನು ಪಾಲಿಸಲಿಲ್ಲ. ಒಂಬತ್ತಕ್ಕೆ ಮಕ್ಕಳು ಬರುವುದರೊಳಗೆ ಹೆಡ್ಮಾಸ್ಟರನ ವಿಷಯ ಇತ್ಯರ್ಥವಾಗಬೇಕೆಂದು ಅತ್ತಿಗೆಯ ಹಟ. ಸಾಧುವಿನ ಬಗ್ಗೆ ಯಾರಿಗೂ ಪ್ರಶ್ನೆಯೇ ಇರಲಿಲ್ಲ. ಆ ಮನೆಯಲ್ಲಿ ಕುದುರೆಗಳನ್ನು ಅಳೆಯುವ ಕೋಲು ಒಂದೇ, ಮಕ್ಕಳು ಬೆನ್ನೇರಿದಾಗ ಹೇಗಿರುತ್ತದೆ ಎನ್ನುವುದು. ಮನುಷ್ಯರ ಮಕ್ಕಳನ್ನು ಸಹಿಸಿಕೊಳ್ಳುವ ಪ್ರಾಣಿ ಕುದುರೆಯ ಮಗುವನ್ನೂ ಸಹಿಸಿಕೊಳ್ಳುತ್ತದೆ ಎಂದು ಮೂವರೂ ನಂಬಿದ್ದರು. ನಾದಿನಿ ಕೂಡ.

ಮರಿ ಗೇಟು ದಾಟಿದ್ದೇ ತಾಯಿಯ ಸುತ್ತ ಎರಡು ಸುತ್ತು ಓಡಿ, ಕಾಲು ತೊಡರಿ ಬಿದ್ದು, ಎದ್ದು, ನೇರವಾಗಿ ಹೆಡ್ಮಾಸ್ಟರನ ಕಡೆಗೆ ಹೊರಟಿತು. ಹೆಡ್ಮಾಸ್ಟರ್ ಬಯಲಿನ ಏಕೈಕ ಮರದ ನೆರಳಿನಲ್ಲಿ ನಿಂತಿತ್ತು. ಅದು ಅದರ ಜಾಗ. ಮರಿ ಹತ್ತಿರ ಹೋಗಿ ಕತ್ತು ಚಾಚಿ, ತುಟಿ ಹಿಂದಕ್ಕೆಳೆದು, ಬರೀ ಬಾಯನ್ನು ಚಪಚಪ ಬಡಿಯತೊಡಗಿತು.

"ಅದೇನು, ಏನಾದ್ರೂ ತಿಂತಿದ್ಯಾ?" ಅತ್ತಿಗೆ ಕೇಳಿದಳು.

"ಇಲ್ಲ ಅತ್ತಿಗೆ. ದೊಡ್ಡವರ ಮುಂದೆ ಮರಿಗಳು ಹಾಗೇ ಮಾಡೋದು. ನಾನಿನ್ನೂ ಚಿಕ್ಕೋಳು, ಹೊಡೀಬೇಡಿ ಅಂತ."

"ಪಾಪ, ಇದಕ್ಕೆ ಹುಟ್ತಾನೇ ಮರ್ಯಾದೆ ಇದೆ. ಅವನಿಗೆ ಇನ್ನೂ ಬಂದಿಲ್ಲ."

ಹೆಡ್ಮಾಸ್ಟರ್ ಕಿವಿಗಳನ್ನು ಹಿಂದಕ್ಕೆ ಮಡಿಸಿತು. ತಲೆ ತಗ್ಗಿಸಿ ಮರಿಯನ್ನು ಮೂಗಿನಿಂದ ಕತ್ತಿನವರೆಗೆ ಮೂಸಿತು. ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

"ಹಲ್ಲು ಕಾಣಿಸ್ತು," ಎಂದಳು ಅತ್ತಿಗೆ.

"ಹುಲ್ಲು ತಿನ್ನೋಕೆ ಬಾಯಿ ತೆಗೆದ."

"ರೀ, ನೀವು ಹೇಳಿ. ಕಾಣಿಸ್ತಾ, ಇಲ್ವಾ?"

"ಬಿಸಿಲು ಕಣ್ಣಿಗೆ ಹೊಡೀತಿತ್ತು ಕಣೇ," ಎಂದ ಅಣ್ಣ. ಬಿಸಿಲು ಅವನ ಬೆನ್ನ ಹಿಂದಿತ್ತು.

ನಾದಿನಿ ಬೇಲಿಯ ಮರದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಲ್ಲಿಗೇ ನಿಂತಿದ್ದರೆ ಸರಿಹೋಗುತ್ತಿತ್ತು. ಆದರೆ ಮರಿಗೆ ಧೈರ್ಯ ಬಂದಿತ್ತು. ಅದು ಹಿಂದಿನಿಂದ ಬಂದು ಹೆಡ್ಮಾಸ್ಟರನ ಬಾಲ ಹಿಡಿದು ಜಗ್ಗಿತು. ಹೆಡ್ಮಾಸ್ಟರ್ ಗಿರಕ್ಕನೆ ತಿರುಗಿ, ಬಾಯಿ ಪೂರ್ತಿ ತೆರೆದು, ಮರಿಯ ಬೆನ್ನಿಗೆ ಒಂದು ಗೇಣು ಮೇಲೆ ಗಾಳಿಯನ್ನು ಕಟಕ್ಕನೆ ಕಚ್ಚಿತು. ಹಲ್ಲುಗಳು ಹಳದಿ, ಉದ್ದ, ಒಂದೂ ಮರೆಯಾಗಿರಲಿಲ್ಲ. ಮರಿ ತಾಯಿಯ ಕಡೆ ಓಟ ಕಿತ್ತಿತು.

"ಈಗ ಯಾರ ಕಣ್ಣಿಗೆ ಬಿಸಿಲು?" ಎಂದಳು ಅತ್ತಿಗೆ. ಅಣ್ಣ ತನ್ನ ಬೂಟು ನೋಡಿಕೊಂಡ.

"ಮುಟ್ಟಲಿಲ್ಲ ಅತ್ತಿಗೆ. ಹೆದರಿಸಿದ ಅಷ್ಟೆ."

"ಮಾತು ಮಾತೇ."

ಅತ್ತಿಗೆ ಮೊಬೈಲ್ ತೆಗೆದು, ಸ್ವಲ್ಪ ದೂರ ನಡೆದು, ಬಯಲಿಗೆ ಬೆನ್ನು ಹಾಕಿ ಮಿಲ್ಲಿನ ಯಜಮಾನರ ಜೊತೆ ಮಾತು ಶುರು ಮಾಡಿದಳು. ಎತ್ತರ, ಬಣ್ಣ, ಕತ್ತಿನ ಗತ್ತು ವಿವರಿಸಿದಳು. ಹಲ್ಲು ಗಟ್ಟಿಯಾಗಿವೆಯೇ ಎಂದು ಅವರು ಕೇಳಿರಬೇಕು. "ಬಹಳ ಗಟ್ಟಿ," ಎಂದಳು.

ಅಷ್ಟರಲ್ಲಿ ಸಾಧು ನಡೆದುಕೊಂಡು ಹೋಗಿ ತಾಯಿಗೂ ಮರಿಗೂ ನಡುವೆ ನಿಂತಿತು.

ಮೊದಲಿಗೆ ಯಾರಿಗೂ ಇದು ವಿಶೇಷ ಎನ್ನಿಸಲಿಲ್ಲ. ಸಾಧು ಮರಿಯನ್ನು ಮೂಸಿತು, ನೆಕ್ಕಿತು. "ನೋಡು, ಎಷ್ಟು ಪ್ರೀತಿ," ಎಂದ ಅಣ್ಣ. ಕೆಂಪಿ ಮರಿಯ ಬಳಿಗೆ ಬರಲು ಹೆಜ್ಜೆ ಇಟ್ಟಿತು. ಸಾಧು ತಲೆಯನ್ನು ನೆಲದ ಮಟ್ಟಕ್ಕೆ ಇಳಿಸಿ, ಕಿವಿ ಮಡಿಸಿ, ಹಾವಿನ ಹಾಗೆ ಕತ್ತು ಆಡಿಸುತ್ತಾ ಅದನ್ನು ಹಿಂದಕ್ಕಟ್ಟಿತು. ಆಮೇಲೆ ಮರಿಯನ್ನು ಮುಂದಿಟ್ಟುಕೊಂಡು ಬಯಲಿನ ಆಚೆ ತುದಿಗೆ ಹೊರಟಿತು, ಓಡುತ್ತಾ.

"ಅಣ್ಣ, ಅದು ಮರಿ ಕದೀತಿದೆ," ಎಂದಳು ನಾದಿನಿ.

"ಸಾಧುನಾ?"

"ಸಾಧುನೇ."

ಕೆಂಪಿ ಕೂಗುತ್ತಾ ಬೆನ್ನು ಹತ್ತಿತು. ಹತ್ತಿರ ಬಂದಾಗಲೆಲ್ಲ ಸಾಧು ಹಿಂಗಾಲು ಝಾಡಿಸಿತು. ಕೆಂಪಿ ಅದರ ಪಕ್ಕೆ ಕಚ್ಚಿದರೂ ಅದು ಲೆಕ್ಕಕ್ಕಿಡಲಿಲ್ಲ. ಮರಿಗೆ ಮೊದಲು ಆಟವಾಗಿತ್ತು. ಮೂರು ಸುತ್ತಿನ ನಂತರ ಅದು ಏದುಸಿರು ಬಿಡುತ್ತಿತ್ತು. ಹಸಿವಾಗಿ ಸಾಧುವಿನ ಹೊಟ್ಟೆಯ ಕೆಳಗೆ ಬಾಯಿ ಹಾಕಿ ಹುಡುಕಿತು. ಸಿಗುವಂಥದ್ದು ಅಲ್ಲಿ ಏನೂ ಇರಲಿಲ್ಲ. ಆದರೂ ಸಾಧು ತಾಯಿಯ ಗಾಂಭೀರ್ಯದಿಂದ ಕಾಲಗಲಿಸಿ ನಿಂತುಕೊಟ್ಟಿತು. ದೂರದಲ್ಲಿ ಕೆಂಪಿಯ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕುತ್ತಿತ್ತು.

ಗದ್ದಲ ಕೇಳಿ ಅತ್ತಿಗೆ ತಿರುಗಿದಳು. "ಒಂದು ನಿಮಿಷ ಲೈನಲ್ಲಿರಿ," ಎಂದು ಫೋನನ್ನು ಕೈಯಲ್ಲೇ ಹಿಡಿದು ಓಡಿ ಬಂದಳು. ಅಣ್ಣ ಆಗಲೇ ಧಾನ್ಯದ ಬಕೆಟ್ ಅಲ್ಲಾಡಿಸುತ್ತಾ ಒಳಗೆ ಹೋಗಿದ್ದ. ಆ ಸದ್ದಿಗೆ ಸಾಧು ನಿದ್ದೆಯಿಂದಲೂ ಎದ್ದು ಬರುತ್ತಿತ್ತು. ಈ ಸಲ ಬಕೆಟ್ಟನ್ನೂ ಅಣ್ಣನನ್ನೂ ದಾಟಿಕೊಂಡು ಹೋಯಿತು. ಧಾನ್ಯ ಒಂದು ಕಡೆ, ಅಣ್ಣ ಇನ್ನೊಂದು ಕಡೆ ಬಿದ್ದರು.

"ರೀ, ಏನಾಗಿದೆ ಅವನಿಗೆ?"

"ತಾಯಿಯಾಗಿದಾನೆ ಕಣೇ," ಎಂದ ಅಣ್ಣ, ನೆಲದಿಂದಲೇ.

"ಸಾಧು, ಏಯ್ ಸಾಧು, ಒಳ್ಳೆ ಮಾತಲ್ಲಿ ಹೇಳ್ತಿದೀನಿ," ಎನ್ನುತ್ತಾ ಅತ್ತಿಗೆ ಕೈ ಅಗಲಿಸಿ ಅಡ್ಡ ನಿಂತಳು. ನಾದಿನಿ ಹಗ್ಗ ಹಿಡಿದು ಇನ್ನೊಂದು ಬದಿಯಿಂದ ಬಂದಳು. ಸಾಧು ಇಬ್ಬರ ನಡುವಿನ ಸಂದಿ ನೋಡಿಕೊಂಡು ಮರಿಯನ್ನು ಅದರೊಳಗೆ ತೂರಿಸಿ, ತಾನೂ ತೂರಿ, ಮರದ ಕಡೆಗೆ ತಿರುಗಿತು.

ಮರದ ಕೆಳಗೆ ಹೆಡ್ಮಾಸ್ಟರ್ ಇತ್ತು. ಇಷ್ಟು ಹೊತ್ತೂ ಅದು ತಲೆ ಎತ್ತಿರಲಿಲ್ಲ. ಮರಿಯ ಮೇಲಿನ ಕನಿಕರ ಅದಕ್ಕೆ ಆಗಲೂ ಇರಲಿಲ್ಲ ಎಂದು ನೋಡಿದವರೆಲ್ಲ ಒಪ್ಪುತ್ತಾರೆ. ಮರಿ ಪಕ್ಕದಲ್ಲಿ ಹಾದುಹೋದಾಗ ಕಿವಿ ಮಡಿಸಿತು, ಅಷ್ಟೇ. ಆದರೆ ಹಿಂದೆ ಬಂದ ಸಾಧು ನೇರ ನೆರಳಿನೊಳಕ್ಕೆ ನುಗ್ಗಿ, ಹೆಡ್ಮಾಸ್ಟರನ ಭುಜಕ್ಕೆ ಡಿಕ್ಕಿ ಹೊಡೆಯಿತು.

ಹೆಡ್ಮಾಸ್ಟರ್ ಈ ಸಲ ಗಾಳಿಯನ್ನು ಕಚ್ಚಲಿಲ್ಲ. ಸಾಧುವಿನ ಪೃಷ್ಠದಲ್ಲಿ ಹಲ್ಲು ಊರಿ, ಬಾಯಿ ತುಂಬ ಬಿಳಿ ಕೂದಲು ಕಿತ್ತುಕೊಂಡು, ಮುದಿ ಕಾಲುಗಳಲ್ಲಿ ಇಷ್ಟು ವೇಗವಿದೆಯೆಂದು ಯಾರೂ ಊಹಿಸದಂತೆ ಅದನ್ನು ಬಯಲಿನ ಉದ್ದಕ್ಕೂ ಅಟ್ಟಿ, ನೀರಿನ ತೊಟ್ಟಿಯ ಹಿಂದಿನ ಮೂಲೆಗೆ ಸೇರಿಸಿತು. ವಾಪಸ್ ನಡೆದು ಬಂದು ತನ್ನ ಜಾಗದಲ್ಲಿ ನಿಂತಿತು. ಸಾಧು ಹೊರಡಲು ಒಂದು ಹೆಜ್ಜೆ ಇಟ್ಟಿತು. ಹೆಡ್ಮಾಸ್ಟರ್ ಬರೀ ತಲೆ ತಿರುಗಿಸಿ ನೋಡಿತು. ಸಾಧು ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಕೆಂಪಿ ಓಡಿ ಬಂತು. ಮರಿ ಕೆಚ್ಚಲಿಗೆ ಬಾಯಿ ಹಾಕಿ, ಗಡ್ಡದ ತುಂಬ ನೊರೆ ಮಾಡಿಕೊಂಡು ಕುಡಿಯಿತು. ಕುಡಿದು ಮುಗಿಸಿ ಮರದತ್ತ ಹೋಗಿ, ಹೆಡ್ಮಾಸ್ಟರನಿಗೆ ಎರಡು ಮಾರು ದೂರದಲ್ಲಿ ಮತ್ತೆ ಒಂದಷ್ಟು ಬಾಯಿ ಬಡಿದು, ಅಲ್ಲೇ ಕಾಲು ಚಾಚಿ ಮಲಗಿತು. ಕೆಂಪಿ ಅದರ ಪಕ್ಕ ಬಂದು ನಿಂತು ಮೇಯತೊಡಗಿತು. ಹೆಡ್ಮಾಸ್ಟರ್ ಮೂತಿ ಸಿಂಡರಿಸಿತು, ಆದರೆ ಎಬ್ಬಿಸಲಿಲ್ಲ.

ಮೂವರೂ ಸ್ವಲ್ಪ ಹೊತ್ತು ನಿಂತು ಉಸಿರು ಸರಿಮಾಡಿಕೊಂಡರು.

"ನೀನು ಹೇಳಿದ ಹಾಗೆ ಏನೂ ಆಗಲಿಲ್ಲ," ಎಂದಳು ಅತ್ತಿಗೆ. "ಮೊಮ್ಮಗಳಂತೆ, ತಾತನಂತೆ. ಅವನಿಗೆ ನೆರಳು ಮುಖ್ಯ."

"ನೀವು ಹೇಳಿದ ಹಾಗೂ ಆಗಲಿಲ್ಲ, ಅತ್ತಿಗೆ."

"ಹಲ್ಲು ತೋರಿಸಿದ್ದಂತೂ ನಿಜ."

"ನಿಜ," ಎಂದಳು ನಾದಿನಿ. "ಯಾವಾಗ ಕರ್ಕೊಂಡು ಹೋಗ್ತಾರಂತೆ?"

ಅತ್ತಿಗೆ ಮೂಲೆಯಲ್ಲಿದ್ದ ಸಾಧುವನ್ನು ನೋಡಿದಳು. ಅದರ ಕಣ್ಣು ಮರಿಯ ಮೇಲೇ ಇತ್ತು. ಮಲಗಿದ್ದ ಮರಿಯನ್ನು ನೋಡಿದಳು. ಆಮೇಲೆ ಕೈಯಲ್ಲಿದ್ದ ಫೋನಿನ ನೆನಪಾಗಿ ಕಿವಿಗಿಟ್ಟಳು. ಲೈನ್ ಕಟ್ಟಾಗಿರಲಿಲ್ಲ.

"ಹಲೋ, ಇದೀರಾ? ನೋಡಿ, ನಾನು ಹೇಳಿದ ಕುದುರೆ ಬರಲ್ಲ. ಇಲ್ಲಿ ಅವನಿಗೆ ಕೆಲಸ ಇದೆ. ಹೌದು, ಇವತ್ತಿಂದ." ಒಂದು ಕ್ಷಣ ಯೋಚಿಸಿದಳು. "ಬೇಕಿದ್ರೆ ಇನ್ನೊಬ್ಬ ಇದಾನೆ. ಬಿಳಿ. ಬಹಳ ಸಾಧು."

ಫೋನಿನೊಳಗಿನ ಮಾತು ನಾದಿನಿಗೂ ಕೇಳಿಸಿತು. "ಬೇಡಮ್ಮ," ಎಂದರು ಮಿಲ್ಲಿನ ಯಜಮಾನರು. "ಇಷ್ಟೊತ್ತೂ ಎಲ್ಲಾ ಕೇಳಿಸ್ಕೊಂಡೆ."

ಒಂಬತ್ತಕ್ಕೆ ಮಕ್ಕಳು ಬಂದರು. ಅಣ್ಣ ಸಾಧುವಿಗೆ ಜೀನು ಹಾಕಿ, ಗಾಯಕ್ಕೆ ಮುಲಾಮು ಹಚ್ಚಿ, ಮೊದಲ ತರಗತಿಯ ಹುಡುಗಿಯನ್ನು ಹತ್ತಿಸಿದ. ಅಂಗಳದಲ್ಲಿ ಎರಡು ಸುತ್ತು ಆಗುವಷ್ಟರಲ್ಲಿ ಬಯಲಿನಿಂದ ಮರಿ ಕೂಗಿತು. ಸಾಧು ಹುಡುಗಿಯ ಸಮೇತ ಬೇಲಿಯವರೆಗೆ ಹೋಗಿ, ಪಟ್ಟಿಯ ಮೇಲೆ ಗದ್ದ ಇಟ್ಟು ನಿಂತುಬಿಟ್ಟಿತು. ಅಣ್ಣ ಎಳೆದ, ತಳ್ಳಿದ, ಬಕೆಟ್ ತಂದ. ಆ ದಿನದ ಪಾಠ ಬೇಲಿಯ ಬದಿಯಲ್ಲೇ, ನಿಂತ ಕುದುರೆಯ ಮೇಲೆ ನಡೆಯಿತು.