ಏನೂ ಆಗದಂತೆ

ಹೊಸ ಆಪರೇಟಿಂಗ್ ಸಿಸ್ಟಂ ಮತ್ತೆ ಸತ್ತಿತು. ಪರದೆ ಕಪ್ಪಾದದ್ದು ನೋಡಿ ಮಧುಕುಮಾರ ಸಣ್ಣಗೆ ನಕ್ಕ. ಸಾಯಲಿ. ಇನ್ನೂ ಬಿಡುಗಡೆಯಾಗದ, ಪರೀಕ್ಷೆಗೆಂದು ಕೊಟ್ಟ ಪ್ರಿವ್ಯೂ ಅದು. ಸಾಯುವುದೇ ಅದರ ಕೆಲಸ. ಅವನೇನು ಅದನ್ನು ಲ್ಯಾಪ್‌ಟಾಪಿಗೆ ನೇರ ಹಾಕಿದ್ದನೆ? ಬ್ಯಾಕಪ್ ತೆಗೆದು, ಕಂಪ್ಯೂಟರಿನೊಳಗೇ ಒಂದು ಸುಳ್ಳು ಕಂಪ್ಯೂಟರು ಮಾಡಿ, ಅದರೊಳಗೆ ಕೂರಿಸಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದು ಬಟನ್ ಒತ್ತಿದ. ಎಲ್ಲ ಮೊದಲಿನಂತಾಯಿತು.

ತಾಳವಾಡಿಯ ಶಾಲೆಯಲ್ಲಿ ಮಕ್ಕಳಿಗೆ ಅವನು ಕಲಿಸುವುದೂ ಇದನ್ನೇ. ಇಷ್ಟು ವರ್ಷದಲ್ಲಿ ಅವನ ಲ್ಯಾಪ್‌ಟಾಪ್ ಒಮ್ಮೆಯೂ ಕೆಟ್ಟಿಲ್ಲ. ಪಾಪ, ಹೇಳಿಕೊಳ್ಳಲು ಅವನಿಗೆ ಇದ್ದ ಹೆಮ್ಮೆ ಅದೊಂದೇ.

ಫೋನ್ ಬಡಿದುಕೊಂಡಿತು. ಹೆಂಡತಿ ಸುಮ.

"ಬತ್ತೀರಾ?"

"ನೋಡ್ತೀನಿ. ಇಲ್ಲೊಂದು ಟೆಸ್ಟಿಂಗು..."

"ಒಂದೇ ಮಾತು ಏಳ್ಬುಡ್ತೀನಿ. ಈ ಸಲವೂ ಮಾಳಿಗೆ ಮೇಲೆ ನಿಂತ್ಕಂಡು ನೋಡಾದಾದ್ರೆ ಬರ್ಲೇಬ್ಯಾಡಿ. ಒಳಕ್ಕಿಳೀರಿ. ಇಲ್ದಿದ್ರೆ ನಾನು ತಾಳವಾಡಿಗೆ ಬರಾಕಿಲ್ಲ."

ಅವಳ ತವರು ಗುಮಟಾಪುರ. ದೀಪಾವಳಿ ಮುಗಿಯುತ್ತಲೇ ಬೀರೇಶ್ವರನ ಗುಡಿಯ ಹತ್ತಿರ ಸಗಣಿ ರಾಶಿ ಬೀಳುತ್ತದೆ. ಗಂಡಸರು ಬರಿಮೈಯಲ್ಲಿ ಇಳಿದು, ಉಂಡೆ ಕಟ್ಟಿ ಹೊಡೆದಾಡುತ್ತಾರೆ. ಬಾಮೈದನ ಕೈಯ ಉಂಡೆ ಎದೆಗೆ ಬಿದ್ದ ಮೇಲೇ ಅಳಿಯ ಮನೆಯವನಾಗುವುದು ಅಂತ ಸುಮಳ ಮನೆಯಲ್ಲಿ ಒಂದು ಮಾತು. ಮದುವೆಯಾದಾಗಿನಿಂದ ಇವನು ಮಾಳಿಗೆ ಮೇಲೆ ನಿಂತು ವಿಡಿಯೊ ಮಾಡಿದ್ದ. ಮುಂದಿನ ವರ್ಷ ನೋಡೋಣ ಅಂದಿದ್ದ. ಮಕ್ಕಳ ವಿಷಯಕ್ಕೂ ಅದನ್ನೇ ಅಂದಿದ್ದ. ಈ ಸಲ ಹಬ್ಬಕ್ಕೆ ಹೋಗುವಾಗ ಸುಮ ತನ್ನ ಬಟ್ಟೆಯನ್ನೆಲ್ಲ ತುಂಬಿಕೊಂಡಿದ್ದಳು.

ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಅವಳು ಬೇಕಿತ್ತು. ಕೈಚೀಲಕ್ಕೆ ಏನೇನೋ ತುರುಕಿಕೊಂಡು ಬಸ್ಸು ಹತ್ತಿದ.

"ಬಂದ್ರಾ ಅಳಿಯಂದ್ರೇ," ಅತ್ತೆ ಪುಟ್ಟನಂಜಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. "ನಮ್ ಗುರುಸ್ವಾಮಿ ಬೆಳಗ್ಗಿಂದ ನಿಮ್ಗಂತ್ಲೇ ಮೆತ್ತಗಿರೋ ಸಗಣಿ ಆಯ್ದು ಮಡಗವ್ನೆ."

"ಇಳೀತೀನಿ," ಅಂದ ಮಧುಕುಮಾರ.

ಸುಮ ಅವನನ್ನೇ ನೋಡಿದಳು. ಅವಳ ಮುಖ ಅರಳಿತು. ಹೆಂಗಸರ ಜೊತೆ ಗೋಡೆಯ ಪಕ್ಕ ಹೋಗಿ, ಎಲ್ಲರಿಗಿಂತ ಮುಂದೆ ನಿಂತಳು.

ಅವನು ಕೋಣೆಯಲ್ಲಿ ತಯಾರಾಗಿ ಬಂದು ರಾಶಿಯ ನಡುವೆ ಇಳಿದ. ಮಂಡಿವರೆಗೆ ಮಡಚಿದ ಪ್ಯಾಂಟು. ಕುತ್ತಿಗೆವರೆಗೆ ಗುಂಡಿ ಹಾಕಿದ ನೀಲಿ ಪ್ಲಾಸ್ಟಿಕ್ಕಿನ ರೈನ್‌ಕೋಟು. ಇಳಿಯಬೇಕು ಅಂದಿದ್ದಳು, ಇಳಿದಾಯಿತು. ತಪ್ಪೇನಿದೆ?

"ಭಾವಾ!"

ಕಣ್ಣೆರಡು ಬಿಟ್ಟು ಮಿಕ್ಕೆಲ್ಲ ಸಗಣಿಯಾಗಿದ್ದ ಬಾಮೈದ ಗುರುಸ್ವಾಮಿ ದೊಡ್ಡ ಉಂಡೆ ಎತ್ತಿಕೊಂಡು ಓಡಿ ಬಂದ. ಬಂದವನು ನಿಂತ. ಎತ್ತಿದ ಕೈ ಹಾಗೇ ಉಳಿಯಿತು.

"ಇದೇನ್ ಭಾವ?"

"ಹೊಡಿ. ಪರವಾಗಿಲ್ಲ, ಹೊಡಿ."

"ಯಾರ್ಗೆ ಒಡೀಲಿ?"

ಗುರುಸ್ವಾಮಿ ಇನ್ನೊಂದು ಗಳಿಗೆ ನೋಡಿದ. ಆಮೇಲೆ ತಿರುಗಿ, ಪಕ್ಕದಲ್ಲಿದ್ದ ಪುಟ್ಟಮಾದನ ಬೆನ್ನಿಗೆ ಬೀಸಿ ಹೊಡೆದ. "ಅಯ್ಯೋ ನಿನ್ ಮನೆ ಕಾಯ್ವೋಗಾ!" ಎಂದು ಪುಟ್ಟಮಾದ ಬಿದ್ದು ಬಿದ್ದು ನಕ್ಕ. ಆಟ ಮತ್ತೆ ಕಾವೇರಿತು. ಮಧುಕುಮಾರನ ಹತ್ತಿರ ಬಂದವರು ಮಾತ್ರ ಮೈ ತಾಗದ ಹಾಗೆ ಸುತ್ತು ಹಾಕಿ ಹೋಗುತ್ತಿದ್ದರು. "ಮೇಷ್ಟ್ರೇ, ಒಸಿ ಸರ್ಕಳಿ," ಅಂದ ಒಬ್ಬ, ಬಹಳ ಮರ್ಯಾದೆಯಿಂದ.

ಅವನು ಸುಮಳತ್ತ ನೋಡಿದ. ಅವಳಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಬದುಕಿಕೊಳ್ಳುತ್ತಿದ್ದ.

ಆಟ ಮುಗಿಯಿತು. ಗಂಡಸರು ಕೂಗಾಡುತ್ತ ಮೈ ತೊಳೆಯಲು ಕೆರೆಯ ಕಡೆ ಹೊರಟರು. ಸುಮ ತಮ್ಮನಿಗೆಂದು ತಂದ ಟವಲು ಹಿಡಿದು ಇವನ ಮುಂದೆಯೇ ಹಾದಳು.

"ಸುಮಾ."

"ಕತ್ಲಾಯ್ತದೆ. ಬಸ್ಸಿಗೆ ಒರಡಿ."

"ನೀನು?"

"ಒರಡಿ ನೀವು."

ತುಳಿದು ಕಲಸಿದ ಆ ಬಯಲಿನಲ್ಲಿ ಅವನೊಬ್ಬನೇ ಉಳಿದ. ಬಗ್ಗಿ ಎರಡೂ ಕೈಯಲ್ಲಿ ಸಗಣಿ ಬಾಚಿ, ಇದ್ದ ಬಲವನ್ನೆಲ್ಲ ಹಾಕಿ ತನ್ನ ಎದೆಗೇ ಹೊಡೆದುಕೊಂಡ. ಪ್ಲಾಸ್ಟಿಕ್ಕಿನ ಮೇಲೆ ನಿಧಾನಕ್ಕೆ ಜಾರಿ ಅದು ಕಾಲ ಬಳಿ ಬಿತ್ತು. ಮತ್ತೆ ಬಾಚಿದ, ಮತ್ತೆ ಹೊಡೆದುಕೊಂಡ. ಅದೂ ಜಾರಿತು.

ಥೂ, ತೆಗೆದೇ ಬಿಡೋಣ ಎಂದು ಗುಂಡಿಗೆ ಕೈ ಹಾಕಹೋದ. ಕೈಯೆಲ್ಲ ಹೊಲಸಾಗಿತ್ತು. ಒಳಗೆ ಬಿಳಿ ಅಂಗಿ. ಎರಡೂ ಕೈಗಳನ್ನು ಮೈಗೆ ತಾಗದಂತೆ ದೂರ ಚಾಚಿ ಹಿಡಿದು, ಹಾಗೇ ನಿಂತ.