ಬೋರಲು ಜಾಡಿ

ನಾನು ಒಂದು ಗಾಜಿನ ಜಾಡಿ. ಮರಳು ಕರಗಿ ಹುಟ್ಟಿದೆ. ಅರಸೀಕೆರೆಯಲ್ಲಿ ಗಿರಿಜಾಂಬನವರ ಅಡುಗೆಮನೆಯ ಗೂಡಿನಲ್ಲಿ ವರ್ಷಗಟ್ಟಲೆ ನಿಂಬೆ ಉಪ್ಪಿನಕಾಯಿ ತುಂಬಿಕೊಂಡು ಕೂತಿದ್ದೆ. ಒಳಗಿನದು ಬದಲಾಗದಂತೆ ಕಾಯುವುದೇ ನನ್ನ ಬಾಳು ಎಂದುಕೊಂಡಿದ್ದೆ. ಒಂದು ದಿನ ಬಾಯಿಯ ಅಂಚು ಮುಕ್ಕಾಯಿತು. ಹಿತ್ತಲಿಗೆ ಬಿದ್ದೆ.

ಅಲ್ಲಿ ಗುಲಾಬಿ ಬಣ್ಣದ ಗೊಂಚಲು ಬಿಡುವ ಮುಸ್ಸೆಂಡ ಗಿಡವೊಂದಿತ್ತು. ಹಿಂದೆ ಪಕ್ಕದ ಮನೆಯಲ್ಲಿದ್ದ ಮೆಹರುನ್ನಿಸಾ ಕೊಟ್ಟ ಕಡ್ಡಿಯಿಂದ ಬೆಳೆದದ್ದು. ಈಗ ತಿಪಟೂರಿನಲ್ಲಿದ್ದ ಅವರ ಗಿಡ ಚರಂಡಿ ತೋಡುವಾಗ ಹಾಳಾಗಿತ್ತು.

“ನಾ ಕೊಟ್ಟಿದ್ರಲ್ಲೇ ಒಂದ್ ಕಡ್ಡಿ ವಾಪಸ್ ಕೊಡಿ ಗಿರಿಜಕ್ಕ” ಎಂದು ಫೋನಿನಲ್ಲಿ ನಕ್ಕಿದ್ದರು.

ಆ ಹೊತ್ತಿಗೆ ಇಲ್ಲಿನ ಗಿಡಕ್ಕೂ ಗೆದ್ದಲು ಹತ್ತಿತ್ತು. ಹಸಿರಾಗಿ ಉಳಿದದ್ದು ಮೂರೇ ರೆಂಬೆ. ಗಿರಿಜಾಂಬ ಅವನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಬುಡವನ್ನು ನರ್ಸರಿಯಿಂದ ತಂದ ಬೇರು ಬರಿಸುವ ಪುಡಿಗೆ ಅದ್ದಿದರು. ಪುಡಿ ಉಜ್ಜಿಹೋಗದಂತೆ ಪೆನ್ಸಿಲಿನಿಂದ ಮೊದಲೇ ತೂತು ಮಾಡಿ, ಮರಳು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿದ ಕುಂಡಗಳಲ್ಲಿ ಊರಿದರು.

ಅವರ ಗಂಡ ರುದ್ರಮುನಿ ರೈಲ್ವೆಯಲ್ಲಿ ಹಳಿಯ ಬಿಗಿ ನೋಡುವ ಗ್ಯಾಂಗ್‌ಮನ್ ಆಗಿದ್ದವರು. ಅಲುಗಾಡಿಸಿ ನೋಡದೆ ಯಾವುದನ್ನೂ ನಂಬುವವರಲ್ಲ. ಬೆಳಗಾದರೆ ಕಡ್ಡಿ ಕಿತ್ತು, ಬೇರು ಬಂತೇ ಎಂದು ನೋಡಿ ಮತ್ತೆ ಊರುತ್ತಿದ್ದರು. ಎರಡು ಕಡ್ಡಿ ಹಾಗೆಯೇ ಸತ್ತವು.

“ಅದೇನ್ ಹಳಿ ಬೋಲ್ಟೇನ್ರೀ, ದಿನಾ ಅಲ್ಲಾಡ್ಸೋಕೆ?”

“ಸಡ್ಲ ಐತೇನೋ ಅಂತ ನೋಡ್ದೆ ಕಣೇ.”

“ಇರೋದು ಇದೊಂದೇ. ಮೆಹರುಗೆ ಏನ್ ಕೊಡ್ಲಿ, ನಿಮ್ಮನ್ನಾ?”

ಉಳಿದ ಕಡ್ಡಿಯ ಮೇಲೆ ಗಿರಿಜಾಂಬ ನನ್ನನ್ನು ಬೋರಲು ಹಾಕಿದರು. ಅದರ ಉಸಿರಿಗೆ ನನ್ನ ಮೈ ಮಂಜಾಯಿತು. ರುದ್ರಮುನಿ ಬಂದು ನನ್ನ ಬೆನ್ನ ಮೇಲೆ ಅಂಗೈ ಇಡುತ್ತಿದ್ದರು. ಎತ್ತಿಯೇಬಿಟ್ಟರು ಎಂದು ಪ್ರತಿ ಸಲವೂ ಹೆದರುತ್ತಿದ್ದೆ. ಅವರು ಕೈ ಹಿಂತೆಗೆದುಕೊಂಡು ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದರು.

ಹೊಸ ಎಲೆಯೊಂದು ನನ್ನ ಒಳಮೈಗೆ ತಾಗಿದ ದಿನ ಗಿರಿಜಾಂಬ ನನ್ನನ್ನೆತ್ತಿ, “ಈಗ ನೋಡಿ” ಎಂದರು. ರುದ್ರಮುನಿ ಕಡ್ಡಿಯನ್ನು ಎರಡೇ ಬೆರಳಲ್ಲಿ ಮೆಲ್ಲಗೆ ಎಳೆದರು. ಅದು ಬರಲಿಲ್ಲ.

“ಬಿಗಿ ಐತೆ.”

ಮೆಹರುನ್ನಿಸಾ ಬಂದಾಗ ಹಿತ್ತಲ ಗಿಡ ಪೂರ್ತಿ ಒಣಗಿತ್ತು. ಅವರು ಅದನ್ನೂ ಕುಂಡವನ್ನೂ ನೋಡಿದರು.

“ನಿಮಗೇನ್ ಉಳೀತು ಗಿರಿಜಕ್ಕ?”

“ತಗೊಂಡ್ ಹೋಗೇ. ದೊಡ್ಡದಾದ್ಮೇಲೆ ಒಂದ್ ಕಡ್ಡಿ ಕೊಡೀವಂತೆ.”

ನನಗೀಗ ವಯಸ್ಸಾಗಿದೆ, ಮೈತುಂಬ ಗೀರು. ರುದ್ರಮುನಿ ನನ್ನನ್ನು ತೊಳೆದು, ಮೆಹರುನ್ನಿಸಾ ಕೊಡಲಿರುವ ಕಡ್ಡಿಗೆಂದು, ಖಾಲಿ ಕುಂಡದ ಮೇಲೆ ಬೋರಲಿಟ್ಟಿದ್ದಾರೆ. ಒಳಗಿರುವುದು ನಾರಿನ ಪುಡಿ ಮತ್ತು ನಾನು ಹುಟ್ಟಿಬಂದಂಥ ಮರಳು ಮಾತ್ರ. ಕಾಯುವ ಕೆಲಸ ಈಗಲೂ ಇದೆ, ಆದರೆ ಈಗ ಒಳಗಿನದು ಬದಲಾಗಲಿ ಎಂದು ಕಾಯುತ್ತೇನೆ. ಬೆಳಿಗ್ಗೆ ಅವರು ಬಂದು ಕಲ್ಲಿನ ಮೇಲೆ ಕೂರುತ್ತಾರೆ. ನನ್ನನ್ನು ಎತ್ತಿ ನೋಡುವುದಿಲ್ಲ.